ಬೆನ್ನುಹುರಿಗೆ ಪೆಟ್ಟಾದ ತಮ್ಮನಿಗೆ ಕೆಮ್ಮಲು ಆಗುತ್ತಿಲ್ಲ. ಹೊಟ್ಟೆಗೆ ಕರೆಂಟ್ ಇಡುವ ಚಿಕಿತ್ಸೆ ಮಾಡಿಸಿದವರು ಇದ್ದೀರಾ?

ಸಿದ್ದಾಪುರದ ಅಕ್ಕ | ಮೇ 19, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಕಾಫಿ ರೇಟು ಎಷ್ಟಾಯಿತು, ಆನೆ ಯಾವ ತೋಟದಲ್ಲಿದೆ ಎಂಬುದನ್ನಷ್ಟೇ ಇಲ್ಲಿ ಓದಿಕೊಂಡು ಸುಮ್ಮನಿದ್ದವಳು ನಾನು. ಇವತ್ತು ನನ್ನದೇ ಒಂದು ಪ್ರಶ್ನೆ ಇದೆ.

ನನ್ನ ತಮ್ಮನಿಗೆ ಮೂವತ್ತೊಂದು ವರ್ಷ. ಮಾರ್ಚ್ ಮೊದಲ ವಾರ ಮೆಣಸು ಕೊಯ್ಯುವಾಗ ಏಣಿಯ ಬುಡ ಜಾರಿ ಸಿಲ್ವರ್ ಮರದಿಂದ ಬಿದ್ದ. ಕುತ್ತಿಗೆಯ ಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾಗಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಸಿ5’, ಅಂದರೆ ಬೆನ್ನುಹುರಿಯ ಕುತ್ತಿಗೆ ಭಾಗದ ಐದನೇ ಮಟ್ಟ, ಎಂದು ಬರೆದಿದ್ದಾರೆ. ಭುಜ ಎತ್ತುತ್ತಾನೆ, ಮೊಣಕೈ ಮಡಚುತ್ತಾನೆ, ಅಷ್ಟೇ. ಮೈಸೂರಿನಲ್ಲಿ ಆಪರೇಷನ್ ಆಗಿ, ಹನ್ನೆರಡು ದಿನ ವೆಂಟಿಲೇಟರ್‌ನಲ್ಲಿದ್ದು, ಕೊನೆಗೆ ಗಂಟಲಿನ ಕೊಳವೆ ತೆಗೆದು ಮನೆಗೆ ಕಳುಹಿಸಿದರು. ಈಗ ಉಸಿರು ಅವನದೇ.

ಆದರೆ ಕೆಮ್ಮು ಅವನದಲ್ಲ. ಎದೆಯಲ್ಲಿ ಕಫ ಗೊರಗೊರ ಎನ್ನುತ್ತಿರುತ್ತದೆ. ಕೆಮ್ಮಲು ಹೋದರೆ ‘ಹ್ಹ’ ಎಂದು ಬಿಸಿಗಾಳಿ ಬರುತ್ತದೆಯೇ ಹೊರತು ಕಫ ಕದಲುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ನ್ಯುಮೋನಿಯಾ ಆಗಿ ಮತ್ತೆ ಒಂಬತ್ತು ದಿನ ಆಸ್ಪತ್ರೆ. ಇನ್ನು ಹದಿನೈದು ದಿನಕ್ಕೆ ಮಳೆ ಹಿಡಿಯುತ್ತದೆ. ಆಮೇಲೆ ನಮ್ಮ ಕಡೆಯ ಮನೆಗಳು ಹೇಗಿರುತ್ತವೆಂದು ನಿಮಗೆ ಹೇಳಬೇಕಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಮೂರು ತಿಂಗಳು.

ಡಿಸ್ಚಾರ್ಜ್ ದಿನ ಅಲ್ಲಿನ ಫಿಸಿಯೊ ಹುಡುಗಿಯೊಬ್ಬಳು, ಹೊಟ್ಟೆಯ ಮೇಲೆ ಪ್ಯಾಡ್ ಅಂಟಿಸಿ ಕರೆಂಟ್ ಕೊಟ್ಟು ಕೆಮ್ಮಿಸುವ ಪದ್ಧತಿ ಇದೆ, ವಿಚಾರಿಸಿ ಎಂದಿದ್ದಳು. ಮನೆಯಲ್ಲಿ ಹೇಳಿದೆ. ಅವ್ವ ಎದ್ದು ಒಳಗೆ ಹೋದರು. ಪಕ್ಕದ ತೋಟದಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಇಬ್ಬರು ಹೋದದ್ದನ್ನು ಅವರು ಕಣ್ಣಾರೆ ಕಂಡವರು. ‘ಏಣಿ ತೆಗೆದುಕೊಂಡದ್ದು ಸಾಕು, ಉಳಿದದ್ದನ್ನು ನಾನು ಕರೆಂಟಿಗೆ ಕೊಡುವುದಿಲ್ಲ’ ಎನ್ನುತ್ತಾರೆ.

ಈ ಚಿಕಿತ್ಸೆ ನಿಜವೇ? ಅಪಾಯವೇ? ಯಾರಾದರೂ ಮಾಡಿಸಿದ್ದೀರಾ?

ಹಳೇ ಎಸ್ಟೇಟ್ ರೈಟರ್ | ಮೇ 19, ರಾತ್ರಿ 11:20

ತಂಗೀ, ಓದಿ ಮನಸ್ಸಿಗೆ ಕಷ್ಟವಾಯಿತು. ಚಿಕಿತ್ಸೆಯ ಬಗ್ಗೆ ಹೇಳಲು ನನಗೆ ಬರುವುದಿಲ್ಲ. ಆದರೆ ಮೂವತ್ತು ವರ್ಷ ತೋಟದಲ್ಲಿ ರೈಟರ್ ಆಗಿದ್ದವನು, ಬಿದ್ದವರನ್ನು ನೋಡಿದ್ದೇನೆ. ನೆರಳುಮರದ ಕೊಂಬೆ ಕಡಿಯುವ ಮರಗಸಿ ಕಾಲದಲ್ಲಿ ಒಬ್ಬ, ಮೆಣಸಿನ ಕಾಲದಲ್ಲಿ ಒಬ್ಬ, ಲೆಕ್ಕ ಇಟ್ಟವರಂತೆ ಬೀಳುತ್ತಿದ್ದರು. ಬಿದ್ದ ಕೂಡಲೇ ನಾಲ್ವರು ಓಡಿಹೋಗಿ, ಒಬ್ಬ ಕಂಕುಳಿಗೆ ಒಬ್ಬ ಕಾಲಿಗೆ ಕೈಹಾಕಿ, ಗೊಬ್ಬರದ ಚೀಲದಂತೆ ಎತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸುತ್ತಿದ್ದೆವು. ನಾನೂ ಎತ್ತಿದ್ದೇನೆ. ಕುತ್ತಿಗೆ ಅಲುಗಬಾರದು, ಹಲಗೆಯ ಮೇಲೆ ನೇರವಾಗಿ ಮಲಗಿಸಿ ತಲೆಯ ಎರಡೂ ಬದಿಗೆ ಬಟ್ಟೆಯ ಸುರುಳಿ ಇಟ್ಟು ಸಾಗಿಸಬೇಕು ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಯಾರ ಬೆನ್ನುಹುರಿ ಬಿದ್ದಾಗ ಹೋಯಿತೋ, ಯಾರದು ನಮ್ಮ ಕೈಯಲ್ಲಿ ಹೋಯಿತೋ, ಈಗ ಯಾರನ್ನು ಕೇಳುವುದು?

ವಿಷಯ ಬೇರೆಡೆಗೆ ಹೋಯಿತು, ಕ್ಷಮಿಸಿ. ತಿಳಿದವರು ಉತ್ತರಿಸಲಿ.

ಚಕ್ರದ ಮೇಲಿನವನು | ಮೇ 20, ಬೆಳಿಗ್ಗೆ 6:15

ಅಕ್ಕಾ, ನನ್ನದು ಸಿ6. ಬೈಕ್ ಅಪಘಾತ, ಎಂಟು ವರ್ಷವಾಯಿತು. ಬೆರಳಿನ ಗೆಣ್ಣಿನಿಂದ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ. ಉತ್ತರ ಗಿಡ್ಡವಾಗಿದ್ದರೆ ಸಿಟ್ಟೆಂದು ತಿಳಿಯಬೇಡಿ.

ಹೊಟ್ಟೆಗೆ ಕರೆಂಟ್ ಕೊಡುವುದು ನಿಜ. ಬೆಂಗಳೂರಿನ ಪುನರ್ವಸತಿ ವಾರ್ಡಿನಲ್ಲಿ ನನಗೆ ಆರು ವಾರ ಕೊಟ್ಟಿದ್ದಾರೆ. ನೋವಿಲ್ಲ, ಏಕೆಂದರೆ ನಮಗೆ ಅಲ್ಲಿ ಸ್ಪರ್ಶವೇ ಇಲ್ಲ. ಮೊದಲ ದಿನ ಕನ್ನಡಿಯಲ್ಲಿ ನೋಡಿದೆ. ಯಾರೋ ಕಾಣದವರು ಮುಷ್ಟಿ ಒತ್ತಿದ ಹಾಗೆ ಹೊಟ್ಟೆ ಒಳಗೆ ಹೋಯಿತು. ಎರಡು ತಿಂಗಳಿಂದ ಹಿಟ್ಟಿನ ಮುದ್ದೆಯಂತೆ ಬಿದ್ದಿದ್ದ ಹೊಟ್ಟೆ. ನನಗೆ ನಗು ಬಂತು. ನಗುವಿನ ಜೊತೆಗೇ ಕಫವೂ ಬಂತು.

ಜನರಿಗೆ ಒಂದು ವಿಷಯ ಅರ್ಥವಾಗುವುದಿಲ್ಲ. ನೋಡಲು ಬಂದವರೆಲ್ಲ ‘ದೀರ್ಘವಾಗಿ ಉಸಿರೆಳೆದುಕೋ’ ಎನ್ನುತ್ತಾರೆ. ಎಳೆದುಕೊಳ್ಳುವುದು ಹೇಗೋ ಆಗುತ್ತದೆ. ಹೊರಗೆ ತಳ್ಳುವುದೇ ಆಗದು. ಸೀನು ಬಂದರೂ ಅರ್ಧದಾರಿಯಲ್ಲಿ ನಿಂತುಹೋಗುತ್ತದೆ. ಹುಟ್ಟುಹಬ್ಬದ ಮೇಣದಬತ್ತಿಯನ್ನು ನನ್ನ ಪರವಾಗಿ ಅಕ್ಕನ ಮಗಳು ಆರಿಸುತ್ತಾಳೆ.

ಆದರೆ ಯಂತ್ರಕ್ಕಿಂತ ಮೊದಲು ಕೈಯಿಂದ ಕೆಮ್ಮಿಸುವುದನ್ನು ಕಲಿಯಿರಿ. ಅದನ್ನು ಯಾರೂ ತೋರಿಸಿಕೊಟ್ಟಿಲ್ಲವೇ?

ಸಿದ್ದಾಪುರದ ಅಕ್ಕ | ಮೇ 20, ಬೆಳಿಗ್ಗೆ 7:05

ಇಲ್ಲ ಅಣ್ಣ. ಮೂರು ಚೆಂಡಿನ ಡಬ್ಬಿ ಕೊಟ್ಟು ದಿನವೂ ಎಳೆಯಲು ಹೇಳಿದ್ದಾರೆ. ಒಂದು ಚೆಂಡು ಮೇಲೇಳುತ್ತದೆ, ಎರಡನೆಯದು ಮನಸ್ಸಿದ್ದರೆ ಏಳುತ್ತದೆ. ಬೆನ್ನು ತಟ್ಟುವುದನ್ನು ಹೇಳಿಕೊಟ್ಟಿದ್ದಾರೆ.

ವಿರಾಜಪೇಟೆ ಫಿಸಿಯೊ | ಮೇ 20, ಮಧ್ಯಾಹ್ನ 2:30

ಕ್ಲಿನಿಕ್ಕಿನಲ್ಲಿ ಊಟದ ಬಿಡುವು, ಸ್ವಲ್ಪ ಉದ್ದ ಬರೆಯುತ್ತೇನೆ.

ಚೆಂಡಿನ ಡಬ್ಬಿ ಒಳಗೆಳೆಯುವ ಉಸಿರಿಗೆ. ನಿಮ್ಮ ತಮ್ಮನ ತೊಂದರೆ ಹೊರಗೆ ತಳ್ಳುವುದರಲ್ಲಿ. ಉಸಿರೆಳೆಯುವುದು ಮುಖ್ಯವಾಗಿ ವಪೆಯ ಕೆಲಸ, ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಕುಳಿತಿರುವ ಸ್ನಾಯು. ಅದರ ನರ ಹೊರಡುವುದು ಕುತ್ತಿಗೆಯ ಸಿ3, ಸಿ4, ಸಿ5 ಮಟ್ಟಗಳಿಂದ. ಪೆಟ್ಟು ಅದಕ್ಕಿಂತ ಮೇಲಾದರೆ ಸಾಮಾನ್ಯವಾಗಿ ವೆಂಟಿಲೇಟರೇ ಗತಿ. ಇವನದು ಸಿ5, ಹೀಗಾಗಿ ವಪೆ ಉಳಿದಿದೆ. ಕೆಮ್ಮಲು ಬೇಕಾದದ್ದು ಹೊಟ್ಟೆಯ ಸ್ನಾಯುಗಳು. ಅವುಗಳ ನರಗಳು ಹೊರಡುವುದು ಬಹಳ ಕೆಳಗೆ, ಸುಮಾರು ಎದೆಮಟ್ಟದ ಟಿ6ರಿಂದ ಸೊಂಟಮಟ್ಟದ ಎಲ್1ರವರೆಗೆ. ಮೆದುಳಿನ ಆಜ್ಞೆ ಅಲ್ಲಿಗೆ ತಲುಪುವುದೇ ಇಲ್ಲ. ಗಂಟಲು ಮುಚ್ಚಿ, ಹೊಟ್ಟೆ ಬಿಗಿದು, ಫಟ್ಟೆಂದು ಗಾಳಿ ಬಿಡುವುದಕ್ಕೆ ಬಲ ಎಲ್ಲಿಂದ ಬರಬೇಕು? ಕಫ ತಳದಲ್ಲೇ ನಿಂತು ಕೊಳೆಯುತ್ತದೆ. ಕೈಕಾಲು ನಾಲ್ಕೂ ಹೋದವರ ಪ್ರಾಣಕ್ಕೆ ಕುತ್ತಾಗುವ ದೊಡ್ಡ ಕಾರಣಗಳಲ್ಲಿ ನ್ಯುಮೋನಿಯಾ ಇರುವುದು ಇದಕ್ಕೇ.

ಇನ್ನು ಕರೆಂಟು. ಸ್ನಾಯುವೂ ಅದಕ್ಕೆ ಬರುವ ನರವೂ ಸತ್ತಿಲ್ಲ, ಮೇಲಿನ ಸಂಪರ್ಕ ಮಾತ್ರ ಕಡಿದಿದೆ. ಚರ್ಮದ ಮೇಲಿಂದ ಸಣ್ಣ ಸಣ್ಣ ಮಿಡಿತಗಳನ್ನು, ಸೆಕೆಂಡಿಗೆ ಸುಮಾರು 30ರಿಂದ 50, ಕೊಟ್ಟರೆ ಆ ನರ ಎಚ್ಚೆತ್ತು ಸ್ನಾಯುವನ್ನು ಬಿಗಿಯುತ್ತದೆ. ಕೆಮ್ಮುವ ಕ್ಷಣಕ್ಕೆ ಸರಿಯಾಗಿ ಕೊಟ್ಟರೆ ಕೆಮ್ಮಿಗೆ ಬಲ ಬರುತ್ತದೆ. ದಿನವೂ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಉಸಿರು ಬಿಡುವ ತಾಳಕ್ಕೆ ಕೊಡುತ್ತಾ ಹೋದರೆ ಕೆಲವು ವಾರಗಳಲ್ಲಿ ಸ್ನಾಯು ಸ್ವಲ್ಪ ದಪ್ಪವಾಗಿ ಉಸಿರಿನ ಪ್ರಮಾಣವೂ ಹೆಚ್ಚುವುದುಂಟು. ಸಿಡ್ನಿಯ ನ್ಯೂರಾ ಸಂಶೋಧನಾ ಸಂಸ್ಥೆ, ಗ್ಲಾಸ್ಗೋದ ಬೆನ್ನುಹುರಿ ಘಟಕ ಇವೆರಡೂ ಇದರ ಮೇಲೆ ಬಹಳ ಕೆಲಸ ಮಾಡಿವೆ. 2016ರಲ್ಲಿ ಎಲ್ಲ ಅಧ್ಯಯನಗಳನ್ನೂ ಒಟ್ಟಿಗಿಟ್ಟು ನೋಡಿದ ವಿಮರ್ಶೆಯೊಂದು ಬಂತು. ಕರೆಂಟ್ ಇದ್ದಾಗ ಕೆಮ್ಮಿನ ವೇಗ ಕೂಡಲೇ ಏರುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಆ ಅಧ್ಯಯನಗಳಲ್ಲಿ ಭಾಗವಹಿಸಿದವರ ಸಂಖ್ಯೆ ಚಿಕ್ಕದು. ಇದನ್ನೂ ಹೇಳದಿದ್ದರೆ ಮೋಸವಾಗುತ್ತದೆ.

ಎಲ್ಲರಿಗೂ ಇದು ಆಗುವುದಿಲ್ಲ. ಸಂಪರ್ಕ ಕಡಿದು, ಕೆಳಗಿನ ನರಕೋಶಗಳು ಜೀವಂತ ಇರಬೇಕು. ಮನೆಯಲ್ಲೇ ಸಿಗುವ ಸುಳಿವೆಂದರೆ ಸೆಳೆತ. ಹೊದಿಕೆ ಎಳೆದಾಗ ಕಾಲು ತಾನಾಗಿ ಜಿಗಿಯುತ್ತದೆಯೇ? ಹೊಟ್ಟೆ ಬಿಗಿಯುತ್ತದೆಯೇ? ಹಾಗಿದ್ದರೆ ಒಳ್ಳೆಯ ಲಕ್ಷಣ. ಪೂರಾ ಜೋಲುಬಿದ್ದ ಸ್ನಾಯುವಾದರೆ ಮಾಮೂಲಿ ಯಂತ್ರಕ್ಕೆ ಅದು ಜಗ್ಗುವುದಿಲ್ಲ.

ಕೊನೆಗೊಂದು ಮಾತು. ಸೊಂಟನೋವಿಗೆ ಇಡುವ ಟೆನ್ಸ್ ಯಂತ್ರ ಇದಲ್ಲ. ಅದು ನೋವಿನ ಅರಿವನ್ನು ಮಂಕಾಗಿಸಲು ಇರುವುದು. ಇದಕ್ಕೆ ಬೇಕಾದದ್ದು ಸ್ನಾಯು ಬಿಗಿಸುವ ಉದ್ದೀಪನ ಯಂತ್ರ. ನಮ್ಮ ಜಿಲ್ಲೆಯ ಅರ್ಧ ಮನೆಗಳಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಟೆನ್ಸ್ ಡಬ್ಬಿ ಇದೆ. ಅದನ್ನು ತಂದು ಹೊಟ್ಟೆಗೆ ಅಂಟಿಸಬೇಡಿ.

ಗೋಣಿಕೊಪ್ಪ ಎಲೆಕ್ಟ್ರಿಷಿಯನ್ | ಮೇ 20, ಸಂಜೆ 6:40

ಅಂದರೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಡಿದಂತೆ. ಮನೆಯ ವೈರಿಂಗ್ ಸುಟ್ಟಿಲ್ಲ, ಬಲ್ಬೂ ಹೋಗಿಲ್ಲ, ಜನರೇಟರ್ ತಂದು ಕೊಟ್ಟರೆ ಉರಿಯುತ್ತದೆ. ಸರಿಯೇ? ಹಾಗಾದರೆ ಒಂಬತ್ತು ವೋಲ್ಟ್ ಬ್ಯಾಟರಿ, ಒಂದು ಸಣ್ಣ ಸರ್ಕ್ಯೂಟ್ ಹಾಕಿ ನಾನೇ ಮಾಡಿಕೊಡಬಲ್ಲೆ. ಅಕ್ಕನವರಿಂದ ಹಣ ಬೇಡ.

ವಿರಾಜಪೇಟೆ ಫಿಸಿಯೊ | ಮೇ 20, ರಾತ್ರಿ 8:10

ಹೋಲಿಕೆ ನನ್ನದಕ್ಕಿಂತ ಚೆನ್ನಾಗಿದೆ. ಇನ್ನು ಮುಂದೆ ರೋಗಿಗಳ ಮನೆಯವರಿಗೆ ನಾನೂ ಹೀಗೆಯೇ ಹೇಳುತ್ತೇನೆ. ಸರ್ಕ್ಯೂಟ್ ಮಾತ್ರ ದಯವಿಟ್ಟು ಬೇಡ. ಒಂದೇ ದಿಕ್ಕಿಗೆ ಹರಿಯುವ ಕರೆಂಟು ಚರ್ಮದ ಮೇಲೆ ರಾಸಾಯನಿಕ ಸುಟ್ಟಗಾಯ ಮಾಡುತ್ತದೆ. ಒಳ್ಳೆಯ ಯಂತ್ರ ಪ್ರತಿ ಮಿಡಿತದಲ್ಲೂ ಎಷ್ಟು ಮುಂದಕ್ಕೆ ಕೊಡುತ್ತದೋ ಅಷ್ಟನ್ನೇ ಹಿಂದಕ್ಕೆ ಎಳೆದು ಲೆಕ್ಕ ಸರಿಮಾಡುತ್ತದೆ. ನಿಮಗೆ ಸುಟ್ಟರೆ ಕೈ ಎಳೆದುಕೊಳ್ಳುತ್ತೀರಿ. ಆ ಹುಡುಗನಿಗೆ ಸುಟ್ಟದ್ದು ಗೊತ್ತಾಗುವುದು ಮರುದಿನ, ಅದೂ ಯಾರಾದರೂ ಅಂಗಿ ಎತ್ತಿ ನೋಡಿದರೆ.

ಗೋಣಿಕೊಪ್ಪ ಎಲೆಕ್ಟ್ರಿಷಿಯನ್ | ಮೇ 20, ರಾತ್ರಿ 8:25

ಅರ್ಥವಾಯಿತು ಸಾರ್. ಕೈ ಹಾಕುವುದಿಲ್ಲ. ಅವರ ಮನೆಗೆ ಇನ್ವರ್ಟರ್ ಬೇಕಾದರೆ ಆ ಕೆಲಸ ನನಗಿರಲಿ.

ನರಶಕ್ತಿ | ಮೇ 21, ಬೆಳಿಗ್ಗೆ 9:00

ಯಾರೂ ಧೈರ್ಯಗೆಡಬೇಡಿ. ವಿದ್ಯುತ್ ಚಿಕಿತ್ಸೆಯಿಂದ ಬೆನ್ನುಹುರಿ ಮತ್ತೆ ಬೆಳೆಯುತ್ತದೆ. ನಮ್ಮಲ್ಲಿ ಮೂರು ತಿಂಗಳ ಪ್ಯಾಕೇಜ್ ಇದೆ, ಕೈಕಾಲು ಆಡುವುದು ಖಚಿತ. ಆಸಕ್ತರು ಖಾಸಗಿಯಾಗಿ ಸಂಪರ್ಕಿಸಿ.

ಚಕ್ರದ ಮೇಲಿನವನು | ಮೇ 21, ಬೆಳಿಗ್ಗೆ 9:40

ಬಂದಿರಾ? ನಿಮ್ಮಂಥವರೊಬ್ಬರು ನಮ್ಮ ಮನೆಗೂ ಬಂದಿದ್ದರು. ಅಪ್ಪ ಒಂದು ಎಕರೆ ಮಾರಿದರು. ಮೂರು ತಿಂಗಳು ದಿನಕ್ಕೆರಡು ಬಾರಿ ಕಾಲಿಗೆ ಕರೆಂಟ್. ಕಾಲು ಕುಣಿಯಿತು, ನಿಜ. ಸ್ವಿಚ್ ಆರಿಸಿದಾಗ ನಿಂತಿತು. ಅದನ್ನೇ ವೀಡಿಯೊ ಮಾಡಿಕೊಂಡು ಹೋದರು. ಮುಂದಿನ ಮನೆಗೆ ತೋರಿಸಿರಬೇಕು.

ಅಕ್ಕಾ, ಹೊಟ್ಟೆಯ ಮೇಲಿನ ಕರೆಂಟು ಕೆಮ್ಮಿಗೆ. ಅದರಿಂದ ಬೆರಳು ಆಡುವುದಿಲ್ಲ. ನಿಮ್ಮ ತಮ್ಮನಿಗೆ ಮೊದಲೇ ಇದನ್ನು ಹೇಳಿಬಿಡಿ. ಪ್ಯಾಡ್ ಅಂಟಿಸುವ ದಿನ ಮನಸ್ಸಿನಲ್ಲಿ ಏನೇನೋ ಏಳುತ್ತದೆ, ನನಗೂ ಎದ್ದಿತ್ತು.

ಸುಂಟಿಕೊಪ್ಪದ ಸ್ಟಾಫ್ ನರ್ಸ್ | ಮೇ 21, ರಾತ್ರಿ 9:30

ಡ್ಯೂಟಿ ಮುಗಿಸಿ ಈಗ ಓದಿದೆ. ಯಾರೂ ಹೇಳದ ಒಂದು ಅಪಾಯ ಇದೆ, ಅದನ್ನು ತಿಳಿಯದೆ ದಯವಿಟ್ಟು ಶುರು ಮಾಡಬೇಡಿ.

ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಕೆಳಗಿನ ಮೈಯಲ್ಲಿ ಏನಾದರೂ ಕಿರಿಕಿರಿಯಾದರೆ ಬಿ.ಪಿ. ಒಮ್ಮೆಲೇ ಏರಿಬಿಡುತ್ತದೆ. ಮೂತ್ರದ ಕೊಳವೆ ಮಡಚಿಕೊಂಡಿರಬಹುದು, ಮಲ ಗಟ್ಟಿಯಾಗಿರಬಹುದು, ಹೊಟ್ಟೆಗೆ ಕೊಟ್ಟ ಕರೆಂಟೂ ಕಾರಣವಾಗಬಹುದು. ತಲೆ ಸಿಡಿಯುವ ನೋವು, ಮುಖ ಕೆಂಪು, ಪೆಟ್ಟಾದ ಜಾಗಕ್ಕಿಂತ ಮೇಲೆ ಬೆವರು ಇವು ಲಕ್ಷಣ. ಹಾಗಾದರೆ ಯಂತ್ರ ನಿಲ್ಲಿಸಿ, ಕೂರಿಸಿ, ಬಿಗಿಯಾದದ್ದನ್ನೆಲ್ಲ ಸಡಿಲಿಸಿ, ಮೂತ್ರದ ಕೊಳವೆ ನೋಡಿ. ಇಳಿಯದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಮಲಗಿಸಬೇಡಿ, ಗಾಬರಿಯಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು ಅದೇ.

ಇನ್ನೊಂದು. ಕುತ್ತಿಗೆಗೆ ಪೆಟ್ಟಾದವರ ಬಿ.ಪಿ. ಮಾಮೂಲಾಗಿಯೇ 90, 100ರ ಹತ್ತಿರ ಇರುತ್ತದೆ. ಅವರಿಗೆ 130 ಬಂದರೆ ಹೊರಗಿನವರು ‘ನಾರ್ಮಲ್’ ಎನ್ನುತ್ತಾರೆ. ಅದು ನಾರ್ಮಲ್ ಅಲ್ಲ. ಮಾಮೂಲಿಗಿಂತ 20, 40 ಏರಿದರೂ ಎಚ್ಚರಿಕೆ ಬೇಕು. ಹತ್ತು ದಿನ ಬೆಳಿಗ್ಗೆ ಸಂಜೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ತುರ್ತಿನಲ್ಲಿ ಹೋದಾಗ ಆ ಕ್ಯಾಲೆಂಡರನ್ನೇ ಕಿತ್ತು ತೆಗೆದುಕೊಂಡು ಹೋಗಿ.

ಪೇಸ್‌ಮೇಕರ್ ಇದ್ದರೆ, ಹೊಟ್ಟೆಯ ಮೇಲೆ ಗಾಯವಿದ್ದರೆ, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆಗಿದ್ದರೆ ಇದರ ಮಾತೇ ಬೇಡ. ಊಟವಾಗಿ ಎರಡು ಗಂಟೆ ಕಳೆದಿರಲಿ.

ಸಿದ್ದಾಪುರದ ಅಕ್ಕ | ಮೇ 22, ಬೆಳಿಗ್ಗೆ 5:50

ಎಲ್ಲರಿಗೂ ಋಣಿ. ಕಾಲು ಜಿಗಿಯುತ್ತದೆ, ಹೌದು. ನಾವು ಅದನ್ನು ವಾಯು ಎಂದುಕೊಂಡು ಎಣ್ಣೆ ತಿಕ್ಕುತ್ತಿದ್ದೆವು.

ಇನ್ನೊಂದು ಕೇಳಲೇ? ಮಲಗಿದ್ದಾಗ ಪರವಾಗಿಲ್ಲ, ಗಾಲಿಕುರ್ಚಿಯಲ್ಲಿ ಕೂರಿಸಿದರೆ ‘ಉಸಿರು ಸಾಲದು’ ಎನ್ನುತ್ತಾನೆ. ದೊಡ್ಡಪ್ಪನ ಕಾಯಿಲೆಯಲ್ಲಿ ನೋಡಿದ್ದು ಇದಕ್ಕೆ ತಿರುಗುಮುರುಗು, ಅವರಿಗೆ ಮಲಗಿದರೆ ದಮ್ಮು. ಇವನು ನಾಟಕ ಮಾಡುತ್ತಾನೆ, ಕೂರಲು ಸೋಮಾರಿತನ ಎಂದು ಮನೆಗೆ ಬಂದವರೊಬ್ಬರು ಹೇಳಿ ಹೋದರು. ಅವನು ಎರಡು ದಿನ ಮಾತಾಡಲಿಲ್ಲ.

ವಿರಾಜಪೇಟೆ ಫಿಸಿಯೊ | ಮೇ 22, ಬೆಳಿಗ್ಗೆ 8:00

ನಾಟಕವಲ್ಲ. ಹೃದಯದ ಕಾಯಿಲೆಯವರಿಗೆ ಮಲಗಿದರೆ ಕಷ್ಟ, ಇವರಿಗೆ ಕೂತರೆ ಕಷ್ಟ. ಮಲಗಿದಾಗ ಕರುಳು ವಪೆಯನ್ನು ಮೇಲಕ್ಕೆ ಒತ್ತಿ ಗುಮ್ಮಟದ ಆಕಾರದಲ್ಲಿ ಇಟ್ಟಿರುತ್ತದೆ, ಕೆಳಗಿಳಿಯಲು ಅದಕ್ಕೆ ಜಾಗವಿರುತ್ತದೆ. ಕೂರಿಸಿದರೆ ಬಲವಿಲ್ಲದ ಹೊಟ್ಟೆ ಮುಂದಕ್ಕೆ ಜೋಲುತ್ತದೆ, ವಪೆ ಆಗಲೇ ಇಳಿದು ಚಪ್ಪಟೆಯಾಗಿರುತ್ತದೆ. ಇನ್ನೆಲ್ಲಿಗೆ ಇಳಿಯಬೇಕು?

ಪರಿಹಾರ ಸುಲಭ. ಕೂರಿಸುವ ಮೊದಲು, ಮಲಗಿದ್ದಾಗಲೇ, ಹೊಟ್ಟೆಪಟ್ಟಿ ಕಟ್ಟಿ. ಪಕ್ಕೆಲುಬಿನ ಮೇಲೆ ಬರಬಾರದು, ಅದರ ಕೆಳಗಿನಿಂದ ಸೊಂಟದವರೆಗೆ.

ಹಳೇ ಎಸ್ಟೇಟ್ ರೈಟರ್ | ಮೇ 22, ಬೆಳಿಗ್ಗೆ 8:30

ಕೊಡವರು ಕುಪ್ಯದ ನಿಲುವಂಗಿಯ ಮೇಲೆ ಚೇಲೆಯ ನಡುಪಟ್ಟಿ ಬಿಗಿದಂತೆ.

ವಿರಾಜಪೇಟೆ ಫಿಸಿಯೊ | ಮೇ 22, ಬೆಳಿಗ್ಗೆ 8:35

ಹೌದು, ಅದಕ್ಕೆ ಸಿಕ್ಕಿಸುವ ಪೀಚೆಕತ್ತಿ ಇಲ್ಲದೆ.

ಶನಿವಾರಸಂತೆ ಮಾವ | ಮೇ 23, ಸಂಜೆ 5:15

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಸೋದರಳಿಯನಿಗೆ ಪೆಟ್ಟು ಸಿ2ರಲ್ಲಿ. ನಾಲ್ಕು ತಿಂಗಳಿಂದ ಬೆಂಗಳೂರಿನಲ್ಲಿ ವೆಂಟಿಲೇಟರ್ ಮೇಲಿದ್ದಾನೆ. ಈ ಪ್ಯಾಡ್ ಅಂಟಿಸಿದರೆ ವೆಂಟಿಲೇಟರ್ ಬಿಡಿಸಬಹುದೇ?

ವಿರಾಜಪೇಟೆ ಫಿಸಿಯೊ | ಮೇ 23, ರಾತ್ರಿ 9:00

ಮಾವ, ಅದು ಬೇರೆಯೇ ಕಥೆ. ಅಲ್ಲಿ ಹೋಗಿರುವುದು ಒಳಗೆಳೆಯುವ ಉಸಿರು. ಹೊಟ್ಟೆಯ ಪ್ಯಾಡ್ ಆ ಕೆಲಸ ಮಾಡುವುದಿಲ್ಲ. ವಪೆಯನ್ನೇ ಎಬ್ಬಿಸಬೇಕು, ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು. 1960ರ ದಶಕದಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ವಿಲಿಯಂ ಗ್ಲೆನ್ ವಪೆಯ ನರಕ್ಕೆ ಮಿಡಿತ ಕೊಡುವ ಸಾಧನವನ್ನು ದೇಹದೊಳಗೆ ಇಡಲು ಶುರು ಮಾಡಿದ್ದರು. ಆಮೇಲೆ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ವಪೆಯ ಸ್ನಾಯುವಿಗೇ ತಂತಿ ಜೋಡಿಸುವ ವಿಧಾನ ಬಂತು. ಸೂಪರ್‌ಮ್ಯಾನ್ ಪಾತ್ರ ಮಾಡಿದ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯ ಮೇಲ್ತುದಿಗೆ ಪೆಟ್ಟು ಮಾಡಿಕೊಂಡರಲ್ಲ, ಅವರಿಗೆ 2003ರಲ್ಲಿ ಇದನ್ನು ಹಾಕಿದ್ದರು. ಅಮೆರಿಕದಲ್ಲಿ ಆ ಸಾಧನಕ್ಕೆ 2008ರಲ್ಲಿ ಮಂಜೂರಾತಿ ಸಿಕ್ಕಿತು.

ಷರತ್ತು ಒಂದೇ, ಆದರೆ ದೊಡ್ಡದು. ಕುತ್ತಿಗೆಯಿಂದ ವಪೆಗೆ ಬರುವ ನರ ಜೀವಂತ ಇರಬೇಕು. ಪೆಟ್ಟು ಸಿ3ರಿಂದ ಸಿ5ರ ನರಕೋಶಗಳನ್ನೇ ಕೊಂದಿದ್ದರೆ ಪ್ರಯೋಜನವಿಲ್ಲ. ಸಿ2 ಆದ್ದರಿಂದ ಕೇಳಿ ನೋಡುವುದರಲ್ಲಿ ಅರ್ಥವಿದೆ. ‘ವಪೆಯ ನರದ ಪರೀಕ್ಷೆ ಮಾಡಿದ್ದೀರಾ’ ಎಂದು ಅಲ್ಲಿನ ವೈದ್ಯರನ್ನು ನೇರವಾಗಿ ಕೇಳಿ. ಖರ್ಚು ಲಕ್ಷಗಳ ಲೆಕ್ಕದ್ದು, ಅದನ್ನು ಮುಚ್ಚಿಡುವುದಿಲ್ಲ.

ಶನಿವಾರಸಂತೆ ಮಾವ | ಮೇ 23, ರಾತ್ರಿ 9:20

ಕೇಳುತ್ತೇನೆ. ನಾಲ್ಕು ತಿಂಗಳಲ್ಲಿ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಲೈನ್‌ಮನೆ ಹುಡುಗ | ಮೇ 24, ರಾತ್ರಿ 10:05

ಎಲ್ಲರೂ ಯಂತ್ರ, ಬೆಂಗಳೂರು ಎನ್ನುತ್ತಿದ್ದೀರಿ. ನನ್ನ ಚಿಕ್ಕಪ್ಪ ಮರಗಸಿ ಮಾಡುವಾಗ ಬಿದ್ದು ಇದೇ ಸ್ಥಿತಿಯಲ್ಲಿ ತೋಟದ ಕೂಲಿಯವರ ಲೈನ್‌ಮನೆಯಲ್ಲಿ ಏಳು ತಿಂಗಳು ಬದುಕಿದರು. ಕರೆಂಟ್ ಇಡುವುದು ಬಿಡಿ, ಮನೆಗೇ ಕರೆಂಟ್ ಇರಲಿಲ್ಲ. ಕೊನೆಗೆ ಕಫ ಕಟ್ಟಿಯೇ ಹೋದರು. ಅವರಿಗೆ ಯಾವ ಕೆಮ್ಮು ಹೇಳಿಕೊಡುತ್ತಿದ್ದಿರಿ?

ಚಕ್ರದ ಮೇಲಿನವನು | ಮೇ 24, ರಾತ್ರಿ 11:30

ತಮ್ಮಾ, ಈ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಕೈಯಿಂದ ಕೆಮ್ಮಿಸುವುದಕ್ಕೆ ಕಾಸು ಬೇಡ, ಅಷ್ಟು ಬಲ್ಲೆ. ನಾನು ಬದುಕಿರುವುದು ಅದರಿಂದಲೇ. ಅಂಗೈಯನ್ನು ಹೊಕ್ಕುಳಿಗೂ ಪಕ್ಕೆಲುಬಿಗೂ ನಡುವೆ ಇಟ್ಟು, ಅವನು ಉಸಿರೆಳೆದು ಕೆಮ್ಮಲು ಹೊರಟ ಕ್ಷಣಕ್ಕೆ ಒಳಕ್ಕೂ ಮೇಲಕ್ಕೂ ತಳ್ಳುವುದು. ಕ್ಷಣ ತಪ್ಪಿದರೆ ಬರೇ ಹೊಟ್ಟೆ ಹಿಸುಕಿದಂತಾಗುತ್ತದೆ. ಒಮ್ಮೆ ತಿಳಿದವರ ಕೈಯಲ್ಲಿ ನೋಡಿ ಕಲಿಯಬೇಕು. ನಿಮ್ಮ ಚಿಕ್ಕಪ್ಪನನ್ನು ಡಿಸ್ಚಾರ್ಜ್ ಮಾಡುವಾಗ ಯಾರಾದರೂ ಹದಿನೈದು ನಿಮಿಷ ಇದಕ್ಕೆ ಕೊಡಬೇಕಾಗಿತ್ತು.

ವಿರಾಜಪೇಟೆ ಫಿಸಿಯೊ | ಮೇ 25, ಬೆಳಿಗ್ಗೆ 7:30

ನನ್ನ ವೃತ್ತಿಯವರ ಮೇಲೆ ಬಂದ ಮಾತು, ಒಪ್ಪಿಕೊಂಡೆ. ಲೈನ್‌ಮನೆಯಲ್ಲಿ ಹೀಗೆ ಮಲಗಿದವರು ಯಾರಿದ್ದರೂ ಇಲ್ಲಿ ತಿಳಿಸಿ. ಭಾನುವಾರ ಬೈಕ್ ತೆಗೆದುಕೊಂಡು ನಾನೇ ಬಂದು ಮನೆಯವರಿಗೆ ತೋರಿಸಿಕೊಡುತ್ತೇನೆ. ಅಕ್ಕಾ, ಮೊದಲ ಭಾನುವಾರ ನಿಮ್ಮಲ್ಲಿಗೆ.

ಸಿದ್ದಾಪುರದ ಅಕ್ಕ | ಜೂನ್ 14, ರಾತ್ರಿ 9:45

ತಡವಾಗಿ ಬರೆಯುತ್ತಿದ್ದೇನೆ. ಐದು ದಿನ ಟವರೇ ಇರಲಿಲ್ಲ.

ಫಿಸಿಯೊ ಬಂದಿದ್ದರು. ಅಸ್ತಮಾದವರು ಊದುವ ಮೀಟರಿನಲ್ಲಿ ಕೆಮ್ಮಿಸಿ ಅಳೆದರು. ಅವನಷ್ಟಕ್ಕೆ ಕೆಮ್ಮಿದಾಗ ನಿಮಿಷಕ್ಕೆ 140 ಲೀಟರ್. 160ಕ್ಕಿಂತ ಕಡಿಮೆ ಇದ್ದರೆ ಕಫ ಮೇಲೆ ಬರುವುದೇ ಕಷ್ಟ, 270ಕ್ಕಿಂತ ಕಡಿಮೆ ಇರುವವರಿಗೆ ನೆಗಡಿಯಾದರೂ ಜೋಪಾನ ಎಂದರು. ಅವರು ಕೈಕೊಟ್ಟು ತಳ್ಳಿದಾಗ 200 ದಾಟಿತು. ಕೈಯಿಂದ ಒತ್ತಿ ಗಾಳಿ ತುಂಬುವ ಆಂಬು ಚೀಲದಿಂದ ಎರಡು ಮೂರು ಉಸಿರು ಒಂದರ ಮೇಲೊಂದು ತುಂಬಿಸಿ ಆಮೇಲೆ ತಳ್ಳಿದಾಗ ಇನ್ನೂ ಸ್ವಲ್ಪ ಏರಿತು. ಹೊರಗೆ ತಳ್ಳಬೇಕಾದರೆ ಒಳಗೆ ಸರಕು ಇರಬೇಕಲ್ಲ ಎಂದರು. ಅಂದು ಬಂದ ಕಫದ ಬಣ್ಣ ನೋಡಿ ಅವ್ವ ಬಾಗಿಲಲ್ಲೇ ಕುಳಿತುಬಿಟ್ಟರು.

ಕರೆಂಟಿನ ಮಾತು ಬಂದಾಗ ಫಿಸಿಯೊ ವಾದ ಮಾಡಲಿಲ್ಲ. ಪ್ಯಾಡನ್ನು ತಮ್ಮದೇ ಮುಂಗೈಗೆ ಅಂಟಿಸಿಕೊಂಡು ಬೆರಳು ಮಡಚಿಕೊಳ್ಳುವುದನ್ನು ತೋರಿಸಿದರು. ಆಮೇಲೆ ‘ನಿಮ್ಮ ಕೈಗೆ ಇಡಲೇ ಅಮ್ಮ’ ಎಂದರು. ಅವ್ವ ಸ್ವಲ್ಪ ಹೊತ್ತು ಯೋಚಿಸಿ ಕೈ ಮುಂದೆ ಚಾಚಿದರು. ‘ಇರುವೆ ಹರಿದಂತೆ ಇದೆ, ಇಷ್ಟೇಯೋ?’ ಎಂದರು. ಬ್ಯಾಟರಿಯನ್ನು ತೆಗೆದು ಕೈಯಲ್ಲಿ ಹಿಡಿದು ನೋಡಿದರು, ಗೋಡೆಯ ಪ್ಲಗ್ಗಿಗೆ ಎಲ್ಲಿಯೂ ತಂತಿ ಹೋಗುತ್ತಿಲ್ಲವಲ್ಲ ಎಂದು ಎರಡು ಬಾರಿ ಕೇಳಿ ಖಾತ್ರಿಮಾಡಿಕೊಂಡರು.

ಮುಂದಿನ ವಾರ ಬೆಂಗಳೂರಿನಲ್ಲಿ ಪುನರ್ವಸತಿ ವೈದ್ಯರಿಗೆ ತೋರಿಸಿ, ಅವರು ಒಪ್ಪಿದರೆ ಅಲ್ಲೇ ಎರಡು ವಾರ ಇದ್ದು ಕಲಿತು ಬರುತ್ತೇವೆ. ಇನ್ವರ್ಟರ್ ಬಂದಿದೆ. ಎಲೆಕ್ಟ್ರಿಷಿಯನ್ ಅಣ್ಣ ಸಾಮಾನಿನ ದುಡ್ಡು ಮಾತ್ರ ತೆಗೆದುಕೊಂಡರು.

ಹಳೇ ಎಸ್ಟೇಟ್ ರೈಟರ್ | ಜೂನ್ 15, ಬೆಳಿಗ್ಗೆ 6:30

ಒಳ್ಳೆಯದಾಗಲಿ ತಂಗಿ. ಬೆಂಗಳೂರಿನಲ್ಲಿ ಆಗದಿದ್ದರೆ ವೆಲ್ಲೂರನ್ನು ಮನಸ್ಸಿನಲ್ಲಿಡಿ. ಅಲ್ಲಿನ ಸಿಎಂಸಿ ಆಸ್ಪತ್ರೆಯ ಪುನರ್ವಸತಿ ಸಂಸ್ಥೆ 1966ರಿಂದ ಇದೆ. ಅದನ್ನು ಕಟ್ಟಿದ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ತಾವೇ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ನಮ್ಮ ತೋಟದ ಒಬ್ಬನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಿಟ್ಟುಬಂದವನು ನಾನು. ಅಷ್ಟಾದರೂ ಮಾಡಿದ್ದೇನೆ.

ಸಿದ್ದಾಪುರದ ಅಕ್ಕ | ಆಗಸ್ಟ್ 8, ಸಂಜೆ 4:20

ಕೇಳಿದವರಿಗೆಲ್ಲ ಒಟ್ಟಿಗೆ ಬರೆಯುತ್ತೇನೆ. ಯಂತ್ರ ಶುರುವಾಗಿ ಐದು ವಾರ. ಮೊದಲು ಹತ್ತು ನಿಮಿಷಕ್ಕೇ ಹೊಟ್ಟೆ ಸೋತು ಬಿಗಿಯುವುದನ್ನು ನಿಲ್ಲಿಸುತ್ತಿತ್ತು. ಬಳಸದೆ ಬಿದ್ದ ಸ್ನಾಯು ಬೇಗ ದಣಿಯುತ್ತದೆಯಂತೆ. ಈಗ ನಲವತ್ತು ನಿಮಿಷ ತಡೆಯುತ್ತದೆ. ಪ್ಯಾಡ್ ಇಡುವುದು ಹೊಕ್ಕುಳಿನ ಹತ್ತಿರ ಅಲ್ಲ, ಎರಡೂ ಪಕ್ಕೆಗಳ ಹಿಂಬದಿಗೆ, ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ. ಅಲ್ಲಿ ಪೆನ್ನಿನಿಂದ ಗುರುತು ಹಾಕಿಕೊಂಡಿದ್ದೇವೆ.

ಒಮ್ಮೆ ತಲೆ ಸಿಡಿಯುತ್ತಿದೆ ಎಂದ. ಬಿ.ಪಿ. 148. ನರ್ಸ್ ಅಕ್ಕ ಬರೆದದ್ದು ನೆನಪಾಗಿ ಯಂತ್ರ ಆರಿಸಿ ಎಬ್ಬಿಸಿ ಕೂರಿಸಿದೆ. ಮೂತ್ರದ ಕೊಳವೆ ತೊಡೆಯ ಕೆಳಗೆ ಸಿಕ್ಕಿಕೊಂಡಿತ್ತು. ಬಿಡಿಸಿದ ಮೇಲೆ ಹತ್ತು ನಿಮಿಷದಲ್ಲಿ ಇಳಿಯಿತು. ಅಂದಿನಿಂದ ಮೊದಲು ಕೊಳವೆ, ಆಮೇಲೆ ಪ್ಯಾಡ್.

ಕೈ ಮತ್ತು ಯಂತ್ರ ಎರಡೂ ಸೇರಿದರೆ ಮೀಟರ್ 240 ತೋರಿಸುತ್ತದೆ. ಅವನಷ್ಟಕ್ಕೆ 165. ಜುಲೈಯಲ್ಲಿ ಮನೆಮಂದಿಗೆಲ್ಲ ನೆಗಡಿ ಬಂತು, ಅವನಿಗೂ ಬಂತು. ಮೂರು ರಾತ್ರಿ ಯಾರೂ ಮಲಗಲಿಲ್ಲ. ಆಸ್ಪತ್ರೆಗೆ ಹೋಗಲಿಲ್ಲ.

ಸ್ವಿಚ್ ಒತ್ತುವುದು ಅವ್ವ. ನಾನು ಒತ್ತಿದರೆ ಕ್ಷಣ ತಪ್ಪುತ್ತದೆ ಎಂದು ಅವನ ದೂರು. ಅವ್ವ ಅವನ ಮುಖ ನೋಡುತ್ತಾ ಕುಳಿತಿರುತ್ತಾರೆ. ಉಸಿರು ತುಂಬಿ ಗಂಟಲು ಮುಚ್ಚುವಾಗ ಹುಬ್ಬು ಸ್ವಲ್ಪ ಏರುತ್ತದಂತೆ, ಆಗ ಒತ್ತಬೇಕಂತೆ. ನನಗೆ ಆ ಹುಬ್ಬು ಇನ್ನೂ ಕಂಡಿಲ್ಲ.

ಈಗ ಒಂದು ಪ್ರಶ್ನೆ. ಈ ಕಕ್ಕಡ ತಿಂಗಳ ಮಳೆಯಲ್ಲಿ ಪ್ಯಾಡಿನ ಅಂಟು ಹದಿನೈದು ದಿನಕ್ಕೇ ಹೋಗುತ್ತಿದೆ. ಒಂದಕ್ಕೆ ಬೂಷ್ಟೂ ಬಂತು. ನೀವೆಲ್ಲ ಏನು ಮಾಡುತ್ತೀರಿ?

ಚಕ್ರದ ಮೇಲಿನವನು | ಆಗಸ್ಟ್ 8, ಸಂಜೆ 5:00

ಬೂಷ್ಟು ಬಂದದ್ದನ್ನು ಎಸೆಯಿರಿ, ಒರೆಸಿ ಬಳಸಬೇಡಿ. ಉಳಿದವನ್ನು ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ, ಅದರದೇ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿಡಿ. ಅಂಟಿಸುವ ಮೊದಲು ಚರ್ಮಕ್ಕೆ ಎಣ್ಣೆ ಇರಬಾರದು. ಅವ್ವನಿಗೆ ಎಣ್ಣೆ ತಿಕ್ಕುವುದನ್ನು ಸಂಜೆಗೆ ಇಟ್ಟುಕೊಳ್ಳಲು ಹೇಳಿ. ಅಂಚು ಒಂದು ಕಡೆ ಎದ್ದಿದ್ದರೂ ಬಳಸಬೇಡಿ, ಉಳಿದ ಜಾಗದಲ್ಲೇ ಕರೆಂಟ್ ಒಟ್ಟಾಗಿ ಸುಡುತ್ತದೆ.

ಗೋಣಿಕೊಪ್ಪ ಎಲೆಕ್ಟ್ರಿಷಿಯನ್ | ಆಗಸ್ಟ್ 8, ಸಂಜೆ 5:10

ಒಲೆಯ ಮೇಲಿನ ಹಗ್ಗಕ್ಕೆ ಮಾತ್ರ ನೇತುಹಾಕಬೇಡಿ ಅಕ್ಕ.

ಸಿದ್ದಾಪುರದ ಅಕ್ಕ | ಆಗಸ್ಟ್ 8, ಸಂಜೆ 5:25

ಒಂದು ದಿನ ಹಾಕಿದ್ದೆವು. ಇಳಿಸಿದೆ.